ವಾಟರ್ ಪಾರ್ಕಿನ ಬ್ಯಾಗು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಬರೀ ಭಾರ

ಬೇಸಿಗೆ ರಜೆ ಬಂತೆಂದರೆ ಬಳ್ಳಾರಿ, ಕೊಪ್ಪಳದ ಕಡೆಯವರು ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ವಾಟರ್ ಪಾರ್ಕಿನ ಕಡೆ ಮುಖ ಮಾಡುತ್ತಾರೆ. ರಾಯಚೂರಿನವರಿಗೆ ಹೈದರಾಬಾದ್ ಹೊರವಲಯದ ರಾವಿರ್ಯಾಲದ ವಂಡರ್‌ಲಾ ಹತ್ತಿರ. ಹತ್ತಿರ ಅಂದರೂ ರಾಯಚೂರಿನಿಂದ ಮಹಬೂಬ್‌ನಗರದ ಮೇಲೆ ಹೈದರಾಬಾದಿಗೆ 200 ಕಿ.ಮೀ. ಆಸುಪಾಸು, ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ದಾಟಿ ಬೆಂಗಳೂರಿಗೆ 300ಕ್ಕೂ ಮೇಲೆ. ಮರೆತದ್ದನ್ನು ಮನೆಗೆ ಹೋಗಿ ತರುವ ಮಾತಿಲ್ಲ, ಗೇಟಿನೊಳಗಿನ ಅಂಗಡಿ ಹೇಳಿದ ರೇಟಿಗೇ ಕೊಳ್ಳಬೇಕು. ಆ ಹೆದರಿಕೆಗೇ ಜನ ಅರ್ಧ ಮನೆ ಕಟ್ಟಿಕೊಂಡು ಹೊರಡುತ್ತಾರೆ, ಗೇಟಿನಲ್ಲಿ ಕಾಲು ಭಾಗ ವಾಪಸ್ ಗಾಡಿಗೆ ಹೋಗುತ್ತದೆ, ಉಳಿದದ್ದು ಲಾಕರಿಗೆ ಹಿಡಿಸುವುದಿಲ್ಲ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂಬ ಲೆಕ್ಕದಲ್ಲಿ, ಈ ಪ್ರವಾಸಕ್ಕೆಂದೇ ಕೊಳ್ಳುವ ಸಾಮಾನುಗಳಲ್ಲಿ ಯಾವುದು ಕೊಟ್ಟ ಕಾಸಿಗೆ ಬಾಳುತ್ತದೆ ಎಂಬುದನ್ನು ಇಲ್ಲಿ ಹೇಳಿದೆ.

ಸಾಮಾನನ್ನು ಮೊದಲೇ ಮೂರು ಪಾಲು ಮಾಡಿಟ್ಟುಕೊಳ್ಳಿ: ಗಾಡಿಯಲ್ಲೇ ಉಳಿಯುವುದು, ಲಾಕರಿಗೆ ಹೋಗುವುದು, ಮೈಮೇಲೆ ಇರುವುದು. ಎಲ್ಲವನ್ನೂ ಒಂದೇ ದೊಡ್ಡ ಬ್ಯಾಗಿಗೆ ತುರುಕಿದರೆ ಗೇಟಿನ ತಪಾಸಣೆಯ ಮುಂದೆ ನೆಲದ ಮೇಲೆ ಬಿಚ್ಚಿ ಹರವಬೇಕಾಗುತ್ತದೆ, ಹಿಂದೆ ಸರದಿ ಬೆಳೆಯುತ್ತದೆ.

ದುಡ್ಡು ಹಾಕಲೇಬೇಕಾದ್ದು ನೀರಿಗಿಳಿಯುವ ಬಟ್ಟೆಗೆ. ಜೀನ್ಸ್ ಹೊಲಿದು ಹೆಸರು ಮಾಡಿದ ಬಳ್ಳಾರಿಯವರಿಗೆ ಹೇಳಲು ಸಂಕೋಚ, ಆದರೆ ಜೀನ್ಸ್ ಹಾಕಿಕೊಂಡರೆ ನೀರಾಟದ ಹತ್ತಿರವೂ ಬಿಡುವುದಿಲ್ಲ. ಜೇಬಿನ ಮೂಲೆಯ ತಾಮ್ರದ ರಿವೆಟ್ಟು, ಜಿಪ್ಪು, ಲೋಹದ ಗುಂಡಿ ಇವು ಜಾರುಬಂಡೆಯ ಫೈಬರ್ ಮೈಯನ್ನು ಗೀಚುತ್ತವೆ. ಗೀಚಿದ ಜಾಗ ಮುಂದೆ ಜಾರಿ ಬರುವವರ ಬೆನ್ನು ತರಚುತ್ತದೆ. ಹತ್ತಿ ಬಟ್ಟೆಗೂ ಪ್ರವೇಶವಿಲ್ಲ. ಹತ್ತಿ ನೀರು ಕುಡಿದು ಭಾರವಾಗಿ ಮೈಗೆ ಜೋತು ಬೀಳುತ್ತದೆ, ಜಾರುವಾಗ ಮಧ್ಯದಲ್ಲೇ ಹಿಡಿದು ನಿಲ್ಲಿಸುತ್ತದೆ, ಉದುರಿದ ಎಳೆ ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನೈಲಾನ್ ಅಥವಾ ಪಾಲಿಯೆಸ್ಟರಿಗೆ ಸ್ವಲ್ಪ ಸ್ಪಾಂಡೆಕ್ಸ್ (ರಬ್ಬರಿನ ಹಾಗೆ ಹಿಗ್ಗುವ ಎಳೆ) ಬೆರೆತ ಬಟ್ಟೆಯೇ ಬೇಕು.

ಕೊಳ್ಳುವಾಗ ಒಳಪಟ್ಟಿಯ ಲೇಬಲ್ ಓದಿ. 80 ಪಾಲು ನೈಲಾನ್, 20 ಪಾಲು ಸ್ಪಾಂಡೆಕ್ಸ್ ಎಂದಿದ್ದರೆ ಒಳ್ಳೆಯ ಮಾಲು. ಲೇಬಲ್ಲೇ ಇಲ್ಲದ ಅಂಗಡಿ ಮಾಲಾದರೆ ಒಂದು ಹನಿ ನೀರು ಹಾಕಿ ನೋಡಿ: ಹತ್ತಿ ಬೆರೆತಿದ್ದರೆ ಹನಿ ತಕ್ಷಣ ಇಂಗಿ ಕಪ್ಪಗೆ ಹರಡುತ್ತದೆ, ನೈಲಾನಿನ ಮೇಲೆ ಗಳಿಗೆ ಹೊತ್ತು ಮಣಿಯ ಹಾಗೆ ಕೂರುತ್ತದೆ. ಜನ ಮೋಸಹೋಗುವುದು ಟ್ರ್ಯಾಕ್ ಪ್ಯಾಂಟಿನಲ್ಲಿ. ಬಟ್ಟೆ ಸರಿಯಿರುತ್ತದೆ, ಜೇಬಿಗೆ ಮಾತ್ರ ಲೋಹದ ಜಿಪ್ಪು ಇರುತ್ತದೆ. ಹೆಣ್ಣುಮಕ್ಕಳಿಗೆ ಮೊಣಕಾಲುದ್ದದ ಟಾಪು, ಕೆಳಗೆ ಲೆಗಿನ್ಸ್ ಇರುವ ಉದ್ದ ತೋಳಿನ ಸೆಟ್ಟು ಎಲ್ಲಕ್ಕಿಂತ ಅನುಕೂಲ. ಬಿಸಿಲಿಗೂ ತಡೆ, ಸಂಕೋಚವೂ ಇಲ್ಲ. ಆದರೆ ಮನೆಯ ಮಾಮೂಲಿ ಚೂಡಿದಾರದ ಲೆಗಿನ್ಸ್ ಹೆಚ್ಚಾಗಿ ಹತ್ತಿಯದ್ದು, ಅದನ್ನು ನಂಬಿ ಹೋಗಬೇಡಿ. ಮಕ್ಕಳಿಗೆ ಬೆಳೆಯುತ್ತಾರೆಂದು ಎರಡು ಸೈಜು ದೊಡ್ಡದು ತರುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಒದ್ದೆಯಾದ ಸಡಿಲ ಚಡ್ಡಿ ಅಲೆಕೊಳದಲ್ಲಿ ನಿಲ್ಲುವುದಿಲ್ಲ. ಎರಡು ವರ್ಷದೊಳಗಿನ ಕೂಸಿದ್ದರೆ ಮಾಮೂಲಿ ಡೈಪರ್ ನೀರು ಹೀರಿ ಉಬ್ಬಿ ಒಡೆಯುತ್ತದೆ. ಈಜಿಗೆಂದೇ ಬರುವ ಡೈಪರ್ ಎರಡು ಇರಲಿ.

ಒಡವೆ ಮನೆಯಲ್ಲಿರಲಿ. ಉದ್ದ ತಾಳಿ ಸರ, ಕರಿಮಣಿ ಜಾರುಬಂಡೆಯಲ್ಲಿ ಕತ್ತಿಗೆ ಸುತ್ತಿಕೊಳ್ಳಬಹುದು, ಮೇಲೆ ನಿಂತ ಸಿಬ್ಬಂದಿ ತೆಗೆಯಲು ಹೇಳಿದರೆ ಆಗ ಎಲ್ಲಿಡುತ್ತೀರಿ? ತಾಳಿ ತೆಗೆಯಲು ಮನಸ್ಸಿಲ್ಲದವರು ಅರಿಶಿನ ದಾರದಲ್ಲಿ ಗಿಡ್ಡಕ್ಕೆ ಕಟ್ಟಿಕೊಂಡು ಟಾಪಿನೊಳಗೆ ಹಾಕಿಕೊಂಡರೆ ಸಾಕು. ಕನ್ನಡಕದವರು ಹಿಂದೆ ಕಟ್ಟುವ ದಾರ ಒಯ್ಯಿರಿ.

ಟ್ಯಾಪು ಇರುವ 5 ಲೀಟರಿನ ನೀರಿನ ಜಗ್ಗು ಈ ಭಾಗದ ಎಲ್ಲ ಮನೆಯಲ್ಲೂ ಉಂಟು. ಗಾಡಿಗೆ ಅದು ಸರಿ, ಪಾರ್ಕಿನೊಳಗೆ ಶುದ್ಧ ದಂಡ. ನೀರೇ 5 ಕೆ.ಜಿ., ಜಗ್ಗು ಸೇರಿ 6 ದಾಟುತ್ತದೆ. ಲಾಕರಿಗೆ ಹಿಡಿಸುವುದಿಲ್ಲ, ಹೊತ್ತು ತಿರುಗಲೂ ಆಗದು. ಹೊಸದಾಗಿ ಕೊಳ್ಳುವವರು ಟ್ಯಾಪಿನ ಹಿಂದಿನ ವಾಷರನ್ನು ಕೈಯಿಂದ ಬಿಚ್ಚಿ ಹಾಕಲು ಬರುತ್ತದೆಯೇ ನೋಡಿ. ಸೋರುವುದು ಅಲ್ಲೇ. ಗಾಡಿಯ ಕುಲುಕಾಟಕ್ಕೆ ಟ್ಯಾಪಿನ ನಟ್ಟು ಅರ್ಧ ಸುತ್ತು ಸಡಿಲವಾದರೂ ಹಿರಿಯೂರು ತಲುಪುವಷ್ಟರಲ್ಲಿ ಸೀಟು ಒದ್ದೆ. ಮುಚ್ಚಳದ ರಬ್ಬರ್ ಸುತ್ತನ್ನು ತಿಂಗಳುಗಟ್ಟಲೆ ಒದ್ದೆ ಬಿಟ್ಟರೆ ಮುಗ್ಗುವಾಸನೆ ಹಿಡಿಯುತ್ತದೆ; ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿದರೆ ಹೋಗುತ್ತದೆ.

ಒಳಗೆ ಒಯ್ಯಲು ಒಂದು ಲೀಟರಿನ ಸ್ಟೀಲ್ ಬಾಟಲಿ ಎರಡು ಸಾಕು, ಕುಡಿಯುವ ನೀರಿನ ನಲ್ಲಿಯಲ್ಲಿ ಮತ್ತೆ ತುಂಬಿಸಿಕೊಳ್ಳಬಹುದು. ಎರಡು ಪದರದ ಸ್ಟೀಲ್ ಬಾಟಲಿಯನ್ನು ಮಾತ್ರ ನೀರು ತುಂಬಿ ಫ್ರೀಜರಿನಲ್ಲಿಡಬೇಡಿ. ನೀರು ಗಡ್ಡೆ ಕಟ್ಟುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ, ಒಳಗೋಡೆ ಉಬ್ಬಿ ಎರಡು ಪದರದ ನಡುವಿನ ನಿರ್ವಾತ ಹೋದರೆ ಅದು ಮತ್ತೆ ಮಾಮೂಲಿ ಚೊಂಬು. ತಣ್ಣಗೆ ಬೇಕಿದ್ದರೆ ಸಾದಾ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ತುಂಬಿ ಅಡ್ಡಡ್ಡ ಮಲಗಿಸಿ ಗಡ್ಡೆ ಕಟ್ಟಿಸಿ. ಅದನ್ನು ಗಾಡಿಯ ಜಗ್ಗಿಗೆ ಹಾಗೇ ಇಳಿಸಿದರೆ ಮಧ್ಯಾಹ್ನದವರೆಗೂ ತಂಪು.

ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಅದಕ್ಕೆ ಒಗ್ಗಿದ ನಮಗೇನು ಎಂಬ ಧೈರ್ಯ ಬೇಡ. ನೀರಿನಲ್ಲಿದ್ದಾಗ ಬೆವರು ಗೊತ್ತಾಗುವುದಿಲ್ಲ, ಮಕ್ಕಳು ಕುಡಿಯಲು ಕೇಳುವುದೂ ಇಲ್ಲ. ಓಆರ್‌ಎಸ್ ಪೊಟ್ಟಣ ಒಯ್ಯಿರಿ, ಡಬ್ಬಿಯ ಸಿಹಿ ಪಾನೀಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣ 20.5 ಗ್ರಾಂ, ಒಂದು ಲೀಟರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ತೊಂದರೆಯೇ ಹೆಚ್ಚು. ಲೆಕ್ಕ ತಪ್ಪುವವರಿಗೆ 200 ಮಿ.ಲೀ.ಗೆ ಬರುವ ಸಣ್ಣ ಪೊಟ್ಟಣವೇ ಒಳ್ಳೆಯದು.

ಬುತ್ತಿಯ ವಿಷಯ. ಹೊರಗಿನ ಊಟ-ತಿಂಡಿ ವಂಡರ್‌ಲಾದೊಳಗೆ ಬಿಡುವುದಿಲ್ಲ, ಆದ್ದರಿಂದ ಬುತ್ತಿ ದಾರಿಗೆ ಮಾತ್ರ ಎಂದು ತಿಳಿದೇ ಕಟ್ಟಿ. ಬೆಳಗಿನ ತಿಂಡಿ ಹೆದ್ದಾರಿ ಬದಿಯಲ್ಲಿ, ಸಂಜೆ ವಾಪಸ್ ಬರುವಾಗಿನ ಹಸಿವಿಗೆ ಇನ್ನೊಂದು ಕಟ್ಟು. ಸಂಜೆಯ ಕಟ್ಟಿಗೆ ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಬಿಟ್ಟರೆ ಬೇರೆ ಯಾವುದೂ ಬೇಡ. ಇಡೀ ದಿನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಎಣ್ಣೆಗಾಯಿ ಪಲ್ಯ ಸಂಜೆಗೆ ಹಳಸಿರುತ್ತದೆ, ಚಪಾತಿ ಬೆವತು ಅಂಟಿರುತ್ತದೆ, ಜೋಳದ ಖಡಕ್ ರೊಟ್ಟಿ ಮಾತ್ರ ಹೊರಟಾಗ ಹೇಗಿತ್ತೋ ಹಾಗೇ ಇರುತ್ತದೆ. ಪುಡಿಗೆ ಗಟ್ಟಿ ಮೊಸರು ದಾರಿಯಲ್ಲೇ ಕೊಳ್ಳಿ. ಬೆಳಗಿನ ಕಟ್ಟಿಗೆ ಮೊಸರನ್ನ ಮಾಡುವವರು ಅನ್ನವನ್ನು ಪೂರ್ತಿ ಆರಿಸಿ, ಹಾಲು ಹೆಚ್ಚು ಹಾಕಿ ಮೊಸರು ಎರಡೇ ಚಮಚ ಬೆರೆಸಿ. ಹುಳಿ ತಡವಾಗಿ ಏರುತ್ತದೆ. ಅದೂ 10-11 ಗಂಟೆಯೊಳಗೆ ಮುಗಿಯಬೇಕು. ಒಗ್ಗರಣೆ ಮಂಡಕ್ಕಿಯನ್ನು ಮನೆಯಲ್ಲೇ ಕಲಸಿ ಒಯ್ದರೆ ಅರ್ಧ ಗಂಟೆಗೆ ಮೆತ್ತಗಾಗಿ ಹೋಗುತ್ತದೆ. ಮಂಡಕ್ಕಿ ಒಂದು ಚೀಲ, ಪುಟಾಣಿ ಪುಡಿ ಇನ್ನೊಂದು, ಒಗ್ಗರಣೆ ಸಣ್ಣ ಡಬ್ಬಿ. ಉಣ್ಣುವ ಜಾಗದಲ್ಲೇ ಕಲಸಿ. ಪ್ಲೇಟು, ಲೋಟ, ಚಮಚ ಸೇರಿಸಿ ಮಾರುವ ‘ಪಿಕ್ನಿಕ್ ಸೆಟ್’ ನೋಡಲು ಚೆಂದ, ಎರಡನೇ ಸಲ ಯಾರೂ ಒಯ್ಯುವುದಿಲ್ಲ. ಮನೆಯ ನಾಲ್ಕು ಸ್ಟೀಲ್ ತಾಟು ಸಾಕು.

ಮೊಬೈಲಿಗೆ ಕತ್ತಿನಲ್ಲಿ ನೇತುಹಾಕುವ ಪಾರದರ್ಶಕ ಚೀಲ ಈಗ ಎಲ್ಲೆಡೆ ಸಿಗುತ್ತದೆ. ಕೊಳ್ಳಬಹುದು, ಆದರೆ ಕೊಂಡ ದಿನವೇ ಪರೀಕ್ಷೆ ಮಾಡಿ. ಒಳಗೆ ಮಡಚಿದ ಟಿಶ್ಯೂ ಕಾಗದ ಹಾಕಿ ಲಾಕು ಒತ್ತಿ, ಬಕೆಟ್ ನೀರಿನಲ್ಲಿ ಒಂದು ಭಾರ ಇಟ್ಟು ಅರ್ಧ ತಾಸು ಮುಳುಗಿಸಿ. ಮೂಲೆಯಲ್ಲಿ ಕಾಗದ ಒದ್ದೆಯಾಗಿದ್ದರೆ ತಪ್ಪು ಹೆಚ್ಚಾಗಿ ಲಾಕಿನದ್ದು, ಪ್ಲಾಸ್ಟಿಕ್ಕಿನದ್ದಲ್ಲ: ಒಂದು ಮರಳಿನ ಕಣ, ಒಂದು ಕೂದಲು ಅಂಚಿನಲ್ಲಿ ಸಿಕ್ಕಿದರೂ ನೀರಿಗೆ ದಾರಿ. ಕವರು ತೆಗೆಯದೆ ಹಾಕಿದರೆ ದೊಡ್ಡ ಮೊಬೈಲು ಒಳಗೆ ಕೂರುವುದಿಲ್ಲ, ಬಲವಂತವಾಗಿ ತುರುಕಿದರೆ ಬೆಸುಗೆ ಬಿಡುತ್ತದೆ. ಸ್ವಲ್ಪ ಗಾಳಿ ಉಳಿಸಿ ಮುಚ್ಚಿದರೆ ನೀರಿಗೆ ಬಿದ್ದಾಗ ತೇಲುತ್ತದೆ. ಎತ್ತರದ ಜಾರುಬಂಡೆಗೆ ಕತ್ತಿನ ದಾರದೊಂದಿಗೆ ಬಿಡುವುದಿಲ್ಲ, ಬಿಟ್ಟರೂ ಹೋಗಬಾರದು. ಬಿಸಿಲಲ್ಲಿ ಒಂದು ತಾಸು ಇಟ್ಟ ಫೋನು ಆ ಚೀಲದೊಳಗೆ ಕಾದು ತಾನೇ ಬಂದ್ ಆಗುತ್ತದೆ. ಕೆಟ್ಟಿತೆಂದು ಹೆದರದೆ ನೆರಳಿಗೆ ತನ್ನಿ. ಟಿಕೆಟಿನ ಸಂದೇಶವನ್ನು ಕಾಗದದ ಮೇಲೂ ತೆಗೆಸಿಟ್ಟುಕೊಳ್ಳಿ.

ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್. ಹವಾಯಿ ಚಪ್ಪಲಿ ಒದ್ದೆ ಟೈಲ್ಸಿನ ಮೇಲೆ ಜಾರುತ್ತದೆ, ಬರಿಗಾಲಿಗೆ ಮಧ್ಯಾಹ್ನದ ಕಾಂಕ್ರೀಟು ಹೆಂಚು.

ಬೇಗ ಒಣಗುತ್ತದೆಂದು ಮಾರುವ ಮೈಕ್ರೋಫೈಬರ್ ಟವೆಲ್ಲಿಗೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ. ಮೈಗೆ ಅಂಟಿಕೊಂಡ ಹಾಗಿರುತ್ತದೆ, ಒರೆಸಿದ ಸಮಾಧಾನ ಇಲ್ಲ. ಟರ್ಕಿ ಟವೆಲ್ ಒದ್ದೆಯಾದರೆ ಒಂದೊಂದೂ ಕಲ್ಲು. ಅಜ್ಜಂದಿರು ಹೆಗಲ ಮೇಲೆ ಹಾಕುವ ತೆಳು ಹತ್ತಿ ವಲ್ಲಿ ಇವೆರಡಕ್ಕಿಂತ ಮೇಲು: ಹಗುರ, ಕಾರಿನ ಕಿಟಕಿಗೆ ಸಿಕ್ಕಿಸಿದರೆ ಒಣಗುತ್ತದೆ, ಬಿಸಿಲಿಗೆ ತಲೆಗೆ ಸುತ್ತಲೂ ಆಗುತ್ತದೆ. ಒಬ್ಬೊಬ್ಬರಿಗೆ ಒಂದರಂತೆ, ಜೊತೆಗೆ ಇನ್ನೊಂದು ಹೆಚ್ಚಿಗೆ ಇರಲಿ.

ಸನ್‌ಸ್ಕ್ರೀನ್ 50 ಗ್ರಾಮಿನ ಟ್ಯೂಬು ನಾಲ್ವರಿಗೆ ಸಾಲದು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಎರಡು ತಾಸಿಗೊಮ್ಮೆ ಮತ್ತು ನೀರಿನಿಂದ ಎದ್ದು ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು. ಉದ್ದ ತೋಳಿನ ಬಟ್ಟೆ ಕೊಂಡಿದ್ದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಹೊರಡುವ ಮೊದಲು ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಮಕ್ಕಳ ಟಿಕೆಟ್ಟು ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ, 85 ಸೆಂ.ಮೀ. ಒಳಗಿದ್ದರೆ ಉಚಿತ, 140 ದಾಟಿದರೆ ದೊಡ್ಡವರ ದರ. ಜೋರಿನ ಆಟಗಳಿಗೂ ಎತ್ತರದ ಮಿತಿ ಉಂಟು. ಎರಡು ಸೆಂ.ಮೀ. ಕಡಿಮೆಯಿರುವ ಮಗುವಿಗೆ ಅದನ್ನು ಮನೆಯಲ್ಲೇ ಹೇಳಿಬಿಡುವುದು ಒಳ್ಳೆಯದು, ಸರದಿಯಲ್ಲಿ ಮುಕ್ಕಾಲು ತಾಸು ನಿಂತ ಮೇಲೆ ಅಲ್ಲ.

ಕೊನೆಗೆ ಉಳಿಯುವುದು ಒದ್ದೆ ಬಟ್ಟೆ. ನಾಲ್ವರದ್ದು ಸೇರಿದರೆ ಎರಡು ಕೆ.ಜಿ. ಮೇಲೆ. ಅದಕ್ಕೆಂದೇ ಮಾರುವ ಒದ್ದೆ ಚೀಲ ಕೊಳ್ಳುವ ಬದಲು ಗಂಗಾವತಿ ಸೋನಾ ಮಸೂರಿ ಬರುವ 10 ಕೆ.ಜಿ.ಯ ಹೊಳಪಿನ ಚೀಲ ಒಯ್ಯಿರಿ. ಹಿಡಿ ಗಟ್ಟಿ, ಹೊಲಿಗೆ ಬಿಡುವುದಿಲ್ಲ. ಹೊಲಿಗೆಯ ತೂತಿನಿಂದ ನೀರು ಜಿನುಗುವುದರಿಂದ ಒಳಗೊಂದು ಪ್ಲಾಸ್ಟಿಕ್ ಕವರು ಇರಲಿ. ಚೀಲಕ್ಕೆ ಹಾಕುವ ಮೊದಲು ಅಲ್ಲೇ ಷವರಿನಲ್ಲಿ ಸಿಹಿನೀರಿನಲ್ಲಿ ಜಾಲಿಸಿ ಹಿಂಡಿ. ಕ್ಲೋರಿನ್ ಉಳಿದರೆ ಸ್ಪಾಂಡೆಕ್ಸ್ ಎಳೆ ಸತ್ತು ಬಟ್ಟೆ ಜೋಲುತ್ತದೆ. ಊರು ಮುಟ್ಟಿದ ರಾತ್ರಿಯೇ ಹರವಬೇಕು, ಬೆಳಗ್ಗೆ ನೋಡೋಣ ಎಂದರೆ ಮುಗ್ಗು. ಬಳ್ಳಾರಿ ಬಿಸಿಲಿಗೆ ಹಾಕಿದರೆ ಅರ್ಧ ಗಂಟೆಗೆ ಒಣಗುವುದು ನಿಜವಾದರೂ ಬಣ್ಣ, ಎಳೆತ ಎರಡೂ ಹೋಗುತ್ತವೆ. ಪಡಸಾಲೆಯ ನೆರಳಲ್ಲಿ, ಫ್ಯಾನ್ ಕೆಳಗೆ ಹಾಕಿ.