ಪ್ಲಾಸ್ಟರ್ ಇರುವೆಗೂಡು: ಒಳಗಿನ ಕೆಲಸ ಹಂಚಿಕೆ ಎಷ್ಟು ಕಾಣುತ್ತದೆ?

ಯಾವ ಇರುವೆ ಯಾವ ಕೆಲಸಕ್ಕೆ ನಿಲ್ಲುತ್ತದೆ ಎಂದು ನೋಡುವ ಆಸೆಯಿದ್ದರೆ ಇರುವೆ ಸಾಕಲೆಂದು ಮಾರುವ ಜೆಲ್ ತುಂಬಿದ ಡಬ್ಬಿ ಕೊಳ್ಳಬೇಡಿ. ಅದರಲ್ಲಿ ಸಾಮಾನ್ಯವಾಗಿ ರಾಣಿ ಇರುವುದಿಲ್ಲ. ಮೊಟ್ಟೆ, ಮರಿಹುಳುಗಳೇ ಇಲ್ಲದ ಮೇಲೆ ಆರೈಕೆಯ ಕೆಲಸವೂ ಇಲ್ಲ. ಸುರಂಗ ಕೊರೆಯುವುದಷ್ಟೇ ಕಾಣುತ್ತದೆ.

ಗಾಜು ಮುಚ್ಚಿದ ಪ್ಲಾಸ್ಟರ್ ಗೂಡು, ಅದಕ್ಕೆ ಟ್ಯೂಬಿನಿಂದ ಜೋಡಿಸಿದ ಮೇವಿನ ಪೆಟ್ಟಿಗೆ: ಕೊಳ್ಳುವುದಾದರೆ ಇದನ್ನು. ಒಳಗು ಹೊರಗು ಬೇರೆಯಾದದ್ದರಿಂದ ಕೆಲಸವೂ ಬೇರೆಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಈಗಷ್ಟೇ ಕೋಶಾವಸ್ಥೆಯಿಂದ ಹೊರಬಂದ ಪೇಲವ ಬಣ್ಣದ ಇರುವೆಗಳು ಮರಿಗಳ ಹತ್ತಿರವೇ ಇರುತ್ತವೆ. ಮೇವಿಗೆ ಹೊರಡುವವು ಹೆಚ್ಚಾಗಿ ವಯಸ್ಸಾದವು.

ಇದರಲ್ಲಿ ಸಾಕಲು ಫೈಡೋಲ್ ಕುಲದ ಇರುವೆಗಳೇ ಚೆಂದ. ಸಣ್ಣವು, ದೊಡ್ಡ ತಲೆಯ ಸಿಪಾಯಿಗಳು ಎಂದು ಎರಡು ಗಾತ್ರ ಸ್ಪಷ್ಟ. ಸತ್ತ ಹುಳುವೊಂದನ್ನು ಪೆಟ್ಟಿಗೆಯಲ್ಲಿಡಿ. ಅದನ್ನು ಮೊದಲು ಕಂಡ ಸಣ್ಣ ಇರುವೆ ವಾಸನೆಯ ಜಾಡು ಬಿಡುತ್ತಾ ಗೂಡಿಗೆ ಮರಳುತ್ತದೆ. ಜಾಡು ಹಿಡಿದು ಬಂದ ಸಿಪಾಯಿಗಳು ಗಟ್ಟಿ ಸಿಪ್ಪೆಯನ್ನು ದವಡೆಯಿಂದ ಕತ್ತರಿಸುತ್ತವೆ. ಮರಿ ಸಾಕುವುದು ಮಾಮೂಲಾಗಿ ಸಣ್ಣವುಗಳ ಪಾಲು. ಆದರೆ ಸಣ್ಣವುಗಳನ್ನು ತೀರಾ ಕಡಿಮೆ ಮಾಡಿದಾಗ ಸಿಪಾಯಿಗಳೂ ಮರಿಗಳ ಆರೈಕೆಗೆ ಇಳಿಯುತ್ತವೆ ಎಂದು ಇರುವೆಗಳ ವಿಜ್ಞಾನಿ ಇ. ಓ. ವಿಲ್ಸನ್ 1984ರಲ್ಲಿ ತೋರಿಸಿದರು. ದೇಹದ ಗಾತ್ರ ಕೆಲಸವನ್ನು ಪೂರ್ತಿ ಕಟ್ಟಿಹಾಕುವುದಿಲ್ಲ ಎಂಬುದಕ್ಕೆ ಇಷ್ಟು ಸೊಗಸಾದ ಪುರಾವೆ ಅಪರೂಪ! ಕ್ಯಾಂಪೊನೋಟಸ್ ಕುಲದ ಇರುವೆಗಳನ್ನು ಸಾಕಿದರೆ ನಡುವಿನ ಗಾತ್ರದವೂ ಇರುವುದರಿಂದ ಗೆರೆ ಎಳೆದಂತೆ ವಿಂಗಡಿಸಲಾಗದು.

ಹೊಸ ರಾಣಿಯ ಮೊದಲ ತಂಡದ ಕೆಲಸಗಾರ ಇರುವೆಗಳು ತೀರಾ ಪುಟ್ಟವು. ಸಿಪಾಯಿಗಳು ಕಾಣಲಿಲ್ಲವೆಂದು ಗೂಡನ್ನು ದೂರಬೇಡಿ, ಸಂಖ್ಯೆ ಏರಬೇಕು, ಹುಳುಗಳ ರೂಪದಲ್ಲಿ ಪ್ರೋಟೀನ್ ಸಿಗುತ್ತಿರಬೇಕು. ಅಲ್ಲಿಯವರೆಗೆ ಮೂರರಲ್ಲಿ ಒಂದು ಪಾಲು ನೀರು ತುಂಬಿ ಹತ್ತಿ ತುರುಕಿದ ಟೆಸ್ಟ್ ಟ್ಯೂಬೇ ಸಾಕು. ಬೇಗನೆ ದೊಡ್ಡ ಗೂಡಿಗೆ ಬಿಟ್ಟರೆ ಖಾಲಿ ಕೋಣೆಗಳಲ್ಲಿ ಕಸ ಗುಡ್ಡೆಹಾಕುತ್ತವೆ, ಬೂಸ್ಟು ಹಿಡಿಯುತ್ತದೆ.

ಕೊರತೆಗಳೂ ಇವೆ. ನೀರು ಹೆಚ್ಚಾದರೆ ಗಾಜಿಗೆ ಹಬೆ ಕೂತು ಏನೂ ಕಾಣದು. ಒಂದೇ ತುದಿಗೆ ಹನಿಹನಿಯಾಗಿ ಹಾಕಿ. ತೇವ ಬೇಕೋ ಒಣ ಜಾಗ ಬೇಕೋ ಅವೇ ನೋಡಿಕೊಂಡು ಮರಿಗಳನ್ನು ಸಾಗಿಸುತ್ತವೆ. ಇರುವೆಗಳು ಹೊರಬಾರದಂತೆ ಪೆಟ್ಟಿಗೆಯ ಅಂಚಿಗೆ ಬಳಿಯುವ ಟಾಲ್ಕ್ ಪುಡಿಯ ಪಟ್ಟಿ ತೇವವಾದರೆ ಕೆಲಸಕ್ಕೆ ಬಾರದು, ಇರುವೆಗಳು ಸಲೀಸಾಗಿ ದಾಟುತ್ತವೆ. ಕೊಳ್ಳುವಾಗ ಟ್ಯೂಬಿನ ಜೋಡಣೆಯನ್ನೂ ಪರೀಕ್ಷಿಸಿ: ಪುಟ್ಟ ಸಂದಿಯಿದ್ದರೂ ಫೈಡೋಲ್‌ನ ಸಣ್ಣವು ನುಸುಳುತ್ತವೆ; ತೂತು ಕಿರಿದಾದರೆ ಸಿಪಾಯಿಯ ತಲೆ ತೂರುವುದಿಲ್ಲ.