ಪಂಚಮದಲ್ಲೇ ನಿಂತ ಬೆರಳು
ನಿನ್ನೆ ಮಂಗಳೂರಿನ ಬಲ್ಮಠದ ಹತ್ರ ಸಣ್ಣ ಹಾಲಲ್ಲಿ ಒಂದು ಇಂಡಿಪೆಂಡೆಂಟ್ ಸಿನಿಮಾ ನೋಡಿದೆ. ಒಬ್ಬ ಹುಡುಗಿಗೆ ಚಿಕ್ಕದಿರುವಾಗ ಸಂಗೀತ ಪಾಠ ಹೇಳಿಕೊಡ್ತಿದ್ದ ಮೇಷ್ಟ್ರೇ ಲೈಂಗಿಕ ದೌರ್ಜನ್ಯ ಮಾಡಿದ್ದು, ಈಗ ದೊಡ್ಡ ಗಾಯಕಿ ಆದ್ಮೇಲೆ ಅವಳು ಅದನ್ನ ಬಾಯಿಬಿಟ್ಟು ಹೇಳ್ತಾಳೆ. ಆ ಘಟನೆಯನ್ನ ಒಂದ್ಸಲವೂ ತೋರಿಸುದಿಲ್ಲ, ನಂಗೆ ಅದೇ ತುಂಬಾ ಇಷ್ಟ ಆದದ್ದು. ತಂಬೂರಿ ಶ್ರುತಿ ಮಾಡ್ಲಿಕ್ಕೆ ಕೂತವಳು ಮೊದಲ ತಂತಿ ಪಂಚಮ (ಪ ಸ್ವರ) ಮೀಟ್ತಾಳೆ, ಷಡ್ಜಕ್ಕೆ (ಸ ಸ್ವರಕ್ಕೆ) ಬರುವಾಗ ಬೆರಳು ನಿಂತೇ ಬಿಡ್ತದೆ, ಒಳಗೆ ಅಮ್ಮ ಕಾಯಿ ಹೆರೆಯುವ ಶಬ್ದ ಮಾತ್ರ, ಎಷ್ಟು ಹೊತ್ತು ಮಾರಾಯ್ರೆ, ಹಾಲಲ್ಲಿ ಯಾರೂ ಅಲ್ಲಾಡ್ಲಿಲ್ಲ. ಕೊನೆಯ ಕಛೇರಿ ಸೀನು ಸ್ವಲ್ಪ ಎಳೆದಿದ್ದಾರೆ. ಆದ್ರೆ ಅಮ್ಮ "ನಂಗೆ ಆಗ್ಲೇ ಗೊತ್ತಿತ್ತು ಮಗಾ" ಅನ್ನುವಾಗ ನಾನು ಅತ್ತೇಬಿಟ್ಟೆ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾನೂನು 2012ರಲ್ಲೇ ಬಂದಿದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ಬಹುದು, ಆದ್ರೂ ಮನೆಯಲ್ಲಿ ಮಾತಾಡುದಿಲ್ವಲ್ಲ ನಾವು. ಸಂಗೀತ, ಭರತನಾಟ್ಯ ಅಂತ ಮಕ್ಕಳನ್ನ ಕ್ಲಾಸಿಗೆ ಕಳಿಸುವವರು ದಯವಿಟ್ಟು ನೋಡಿ.