ಥೀಸಿಸ್ ಫಾರ್ಮ್ಯಾಟಿಂಗ್ ಬೇರೆಯವರ ಕೈಗೆ ಕೊಡೋ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಐದು ವರ್ಷ ಒದ್ದಾಡಿ ಬರೆದ ಥೀಸಿಸ್. ಸಲ್ಲಿಕೆಗೆ ಇನ್ನು 12 ದಿನ ಇತ್ತು. "ಫಾರ್ಮ್ಯಾಟಿಂಗ್ ನಮಗೆ ಬಿಡಿ ಮೇಡಂ" ಅಂದವನ ಕೈಗೆ ಕೊಟ್ಟೆ. ಪೂರ್ತಿ ದುಡ್ಡು ಮುಂಗಡ. ಹೌದು, ಪೂರ್ತಿ. ಬೈಯಿರಿ, ಪರವಾಗಿಲ್ಲ.

ಮೂರು ದಿನಕ್ಕೆ ಪಿಡಿಎಫ್ ಬಂತು. ನೋಡೋಕೆ ಚೆನ್ನಾಗಿಯೇ ಇತ್ತು. ಕೃತಜ್ಞತೆ, ಪರಿವಿಡಿ ಪುಟಗಳಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1, 2, 3. ಬೈಂಡಿಂಗ್‌ಗೆ ಎಡಗಡೆ ಒಂದೂವರೆ ಇಂಚು ಜಾಗ. ಖುಷಿಯಲ್ಲಿ ಐದು ಸ್ಟಾರ್ ಬೇರೆ ಕೊಟ್ಟೆ.

ಆಮೇಲೆ ನಮ್ಮ ಗೈಡ್ ಎರಡನೇ ಅಧ್ಯಾಯಕ್ಕೆ ಎರಡು ಪ್ಯಾರಾ ಸೇರಿಸಲು ಹೇಳಿದರು. ವರ್ಡ್ ಫೈಲ್ ತೆರೆದು ಸೇರಿಸಿದೆ. ಮೂರನೇ ಅಧ್ಯಾಯದ ತಲೆಬರಹ ಪುಟದ ಮಧ್ಯಕ್ಕೆ ಜಾರಿತು. ಪೇಜ್ ಬ್ರೇಕ್ ಹಾಕಿರಲೇ ಇಲ್ಲ, ಎಂಟರ್ ಒತ್ತಿ ಒತ್ತಿ ತಳ್ಳಿದ್ದ. ಸರಿ, ಪರಿವಿಡಿಯನ್ನಾದರೂ ಅಪ್‌ಡೇಟ್ ಮಾಡೋಣ ಅಂತ ರೈಟ್ ಕ್ಲಿಕ್ ಮಾಡಿದೆ. ಆ ಆಯ್ಕೆಯೇ ಬರಲಿಲ್ಲ. ಇನ್ನೊಂದು ಸಲ ಮಾಡಿದೆ. ಇಲ್ಲ. ಇಡೀ ಫೈಲ್ ಸೆಲೆಕ್ಟ್ ಮಾಡಿ ಅಪ್‌ಡೇಟ್ ಮಾಡೋ ಎಫ್ 9 ಕೀ ಒತ್ತಿದೆ. ಏನೂ ಇಲ್ಲ. ಕೊನೆಗೆ ಪುಟಸಂಖ್ಯೆಯ ಹಿಂದಿನ ಚುಕ್ಕಿಸಾಲಿನಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದೆ. ಒಂದು ಚುಕ್ಕಿ ಹೋಯಿತು. ಮತ್ತೆ ಒತ್ತಿದೆ. ಇನ್ನೊಂದು ಚುಕ್ಕಿ. ಅಷ್ಟೂ ಚುಕ್ಕಿ, ಅಷ್ಟೂ ಸಂಖ್ಯೆ ಕೈಯಲ್ಲಿ ಕುಟ್ಟಿದ್ದು! ಸ್ವಲ್ಪ ಹೊತ್ತು ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತಿದ್ದೆ.

ಆಮೇಲೆ ಒಂದೊಂದೇ ಕಾಣಿಸಿತು. ತಲೆಬರಹಗಳಿಗೆ ಹೆಡಿಂಗ್ ಸ್ಟೈಲ್ (ಇದು ತಲೆಬರಹ ಅಂತ ವರ್ಡ್‌ಗೆ ತಿಳಿಸೋ ಗುರುತು) ಇಲ್ಲ, ಮಾಮೂಲಿ ಅಕ್ಷರ ದಪ್ಪ ಮಾಡಿದ್ದು ಅಷ್ಟೇ. ಚಿತ್ರಗಳ ನಂಬರ್ ಕೈಯಲ್ಲಿ ಹಾಕಿದ್ದು. ನಾನು ಝೋಟೆರೋದಲ್ಲಿ (ಉಲ್ಲೇಖಗಳನ್ನು ನಿಭಾಯಿಸೋ ಸಾಫ್ಟ್‌ವೇರ್) ಜೋಡಿಸಿದ್ದ ಉಲ್ಲೇಖಗಳನ್ನು ಬರೀ ಅಕ್ಷರ ಮಾಡಿಟ್ಟಿದ್ದ. ಒಂದು ಉಲ್ಲೇಖ ಸೇರಿಸಿದರೆ ಮುಂದಿನ ನಂಬರ್‌ಗಳನ್ನೆಲ್ಲ ನಾನೇ ತಿದ್ದಬೇಕು.

ಕೇಳಿದೆ. ಉತ್ತರ ನೋಡಿ:

"ಪ್ರಿಂಟ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತೆ ಮೇಡಂ."

ಪರಿವಿಡಿ ಅಪ್‌ಡೇಟ್ ಆಗುತ್ತಿಲ್ಲವಲ್ಲ ಅಂದೆ.

"ನೀವು ಫೈಲ್ ಮುಟ್ಟಿದ್ದೀರಿ. ಮುಟ್ಟಿದ ಮೇಲೆ ನಮ್ಮ ಜವಾಬ್ದಾರಿ ಅಲ್ಲ."

ನನ್ನ ಥೀಸಿಸ್. ನಾನು ಮುಟ್ಟಬಾರದಂತೆ!

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮರುದಿನ ಗೈಡ್ ಫೋನ್ ಮಾಡಿ, "ಇದು ಯಾರ ಥೀಸಿಸ್ ಅಮ್ಮಾ?" ಅಂದರು. ನಾಲ್ಕನೇ ಅಧ್ಯಾಯದ ಸಮ ಸಂಖ್ಯೆಯ ಪುಟಗಳ ಮೇಲೆ ಬೇರೆ ಯಾರದೋ ಥೀಸಿಸ್‌ನ ಶೀರ್ಷಿಕೆ. ಬೇರೆ ವಿಷಯ, ಬೇರೆ ವಿಭಾಗ. "ಫೈಲ್ ಎಲ್ಲೋ ಮಿಕ್ಸ್ ಆಗಿದೆ ಸರ್" ಅಂತ ಸುಳ್ಳು ಹೇಳಿದೆ. ಅವರು ನಂಬಲಿಲ್ಲ ಅಂತ ದನಿಯಲ್ಲೇ ಗೊತ್ತಾಯಿತು. ಇವನನ್ನು ಕೇಳಿದರೆ, "ಅದು ಟೆಂಪ್ಲೇಟ್ ಮೇಡಂ, ಹೆಡರ್ ನೀವೇ ಬದಲಾಯಿಸಿಕೊಳ್ಳಬೇಕು." ನಿನ್ನೆ ತಾನೇ ಮುಟ್ಟಬೇಡಿ ಅಂದವನು! ಜಾಸ್ತಿ ಕೇಳಿದ್ದಕ್ಕೆ "ತಿದ್ದುಪಡಿ ಅಂದರೆ ಹೊಸ ಆರ್ಡರ್" ಅಂದ. ಆಮೇಲೆ ಉತ್ತರವೇ ಇಲ್ಲ. ಈಗ ನನ್ನ ಫೈಲ್ ಇನ್ಯಾರಿಗೆ ಟೆಂಪ್ಲೇಟ್ ಆಗಿದೆಯೋ.

ಪುಣ್ಯಕ್ಕೆ ನನ್ನ ಹಳೇ ಫೈಲ್ ಇತ್ತು. ಅದರಲ್ಲೇ ಮೊದಲಿಂದ ಶುರು ಮಾಡಿದೆ. ಅಧ್ಯಾಯಕ್ಕೆ ಹೆಡಿಂಗ್ 1, ಒಳಗಿನದಕ್ಕೆ 2, 3. ರೋಮನ್ ಪುಟಗಳು ಮುಗಿಯುವಲ್ಲಿ ಸೆಕ್ಷನ್ ಬ್ರೇಕ್, ಅಂದರೆ ಫೈಲನ್ನು ಬೇರೆ ಬೇರೆ ಭಾಗ ಮಾಡೋ ಗುರುತು. ಅಲ್ಲಿ 'ಲಿಂಕ್ ಟು ಪ್ರೀವಿಯಸ್' ತೆಗೆಯದಿದ್ದರೆ ಮುಂದಿನ ಭಾಗದ ಹೆಡರ್, ಫೂಟರ್ ತಿದ್ದಲು ಹೋಗಿ ಹಿಂದಿನದನ್ನೂ ಕೆಡಿಸುತ್ತೀರಿ. ಅದಕ್ಕೇ ಒಂದು ರಾತ್ರಿ ಹೋಯಿತು. ಆದರೆ ಆ ಹೆಡಿಂಗ್‌ಗಳಿಂದ ಪರಿವಿಡಿ ಒಂದೇ ಕ್ಲಿಕ್‌ನಲ್ಲಿ ಬಂತು. ಒಂದೇ ಕ್ಲಿಕ್! ಇದಕ್ಕೆ ನಾನು ದುಡ್ಡು ಕೊಟ್ಟಿದ್ದೆ.

ಬೇರೆಯವರ ಕೈಗೆ ಕೊಡಲೇಬೇಕು ಅಂದರೆ ಪಿಡಿಎಫ್ ನೋಡಿ ದುಡ್ಡು ಕೊಡಬೇಡಿ. ವರ್ಡ್ ಫೈಲ್ ಕೇಳಿ. ಸುಮ್ನೆ ನಾಲ್ಕು ಸಾಲು ಸೇರಿಸಿ ಪರಿವಿಡಿ ಅಪ್‌ಡೇಟ್ ಮಾಡಿ ನೋಡಿ. ಪ್ಯಾರಾ ಗುರುತು ತೋರಿಸುವ ಬಟನ್ ಒತ್ತಿ, ಎಂಟರ್‌ಗಳ ಸಾಲು ಕಂಡರೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಹಳೇ ಫೈಲ್ ಅಳಿಸಬೇಡಿ.

ಆ ಐದು ಸ್ಟಾರ್ ಇನ್ನೂ ಅಲ್ಲೇ ಇದೆ, ಬದಲಾಯಿಸೋಕೆ ಬರುತ್ತಿಲ್ಲ. ಕಂಡರೆ ನಂಬಬೇಡಿ. ವರ್ಡ್ ಫೈಲ್ ತೆರೆಯೋ ಮುಂಚೆ ಕೊಟ್ಟಿದ್ದು ಅದು.